ಎತ್ತುವವರ ಸೊಂಟ

ನುಗ್ಗೇಹಳ್ಳಿಯ ಕಡೆಯ ಒಬ್ಬ ಸಹೋದರಿಯು ಪಟ್ಟಣದ ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕಿದ್ದಳು. ನಡೆಯಲಾರದ ಅಜ್ಜಿಯೊಬ್ಬಳನ್ನು ಮಂಚದಿಂದ ಒಬ್ಬಳೇ ಎತ್ತುವಾಗ ಅವಳ ಸೊಂಟವು ಹಿಡಿಯಿತು. ಅಜ್ಜಿಯನ್ನು ಬೀಳಗೊಡಲಿಲ್ಲ, ತಾನೇ ಹಾಸಿಗೆ ಹಿಡಿದಳು. ನಾವು ನೋಡಲು ಹೋಗಿ, "ಅಮ್ಮಾ, ಸೇವೆಯಲ್ಲಿ ಬಾಧೆಪಟ್ಟಿ, ಕರ್ತನು ಪ್ರತಿಫಲ ಕೊಡುವನು" ಎಂದೆವು. ಅದಕ್ಕವಳು, "ಅಯ್ಯನವರೇ, ಔಷಧದ ಹಣವನ್ನೂ ಆತನೇ ಕೊಡಬೇಕೋ?" ಎಂದಳು. ನಮಗೆ ಉತ್ತರ ತೋಚಲಿಲ್ಲ.

ಪ್ರಿಯ ವಾಚಕರೇ, ಇಂಥ ಗಾಯವು ಸೇವೆಮಾಡಿದವಳ ಕಾಣಿಕೆಯೋ, ಮಾಡಿಸಿಕೊಂಡವರ ಸಾಲವೋ? ಕಾಣಿಕೆಯು ಕೊಡುವವರ ಮನಸ್ಸಿನಿಂದ ಬರುವದು. ಅವಳು ಶ್ರಮವನ್ನು ಕೊಟ್ಟಳು, ಸೊಂಟವನ್ನು ಕೊಡಲಿಲ್ಲ. ಇಬ್ಬರ ಕೆಲಸಕ್ಕೆ ಒಬ್ಬಳನ್ನಿಟ್ಟು ಉಳಿಸಿದ ಸಂಬಳಕ್ಕಾಗಿ ಅದು ಹೋಯಿತು. ರೋಗಿಗಳನ್ನು ಎತ್ತುವಾಗ ಒಬ್ಬರ ಕೈಗೆ ಸುಮಾರು 16 ಕಿಲೋ ಭಾರವೇ ಮಿತಿಯೆಂದು 2007ರಲ್ಲಿ ಅಮೇರಿಕದ ಪಂಡಿತರೊಬ್ಬರು ಲೆಕ್ಕ ಹಾಕಿದರು. ಯಾವ ಅಜ್ಜಿಯು ಅಷ್ಟು ಹಗುರವಾಗಿರುವಳು?

ಸಮಾರ್ಯದವನ ಸಾಮ್ಯವನ್ನು ಎಷ್ಟೋ ಸಾರಿ ಪ್ರಸಂಗಿಸಿದ್ದೇವೆ. ಆದಾಗ್ಯೂ ಅವನು ಗಾಯಪಟ್ಟವನನ್ನು ತನ್ನ ಹೆಗಲ ಮೇಲಲ್ಲ, ಪಶುವಿನ ಮೇಲೆ ಸಾಗಿಸಿದನೆಂಬದನ್ನು ನಾವು ಗಮನಿಸಿರಲಿಲ್ಲ. ಛತ್ರದವನಿಗೂ ಹಣ ಕೊಟ್ಟು, ಹೆಚ್ಚಿನ ವೆಚ್ಚವನ್ನು ತಾನೇ ತೀರಿಸುವೆನೆಂದನು. ಪುಣ್ಯ ಬರುವದು, ಸುಮ್ಮನಿರು ಎನ್ನಲಿಲ್ಲ.

ಕೆಲಸದ ನಿಮಿತ್ತವಾದ ಗಾಯಕ್ಕೆ ಯಜಮಾನನು ಪರಿಹಾರ ಕೊಡತಕ್ಕದ್ದೆಂಬ ನ್ಯಾಯವು ನಮ್ಮ ದೇಶದಲ್ಲಿ 1923ರ ಕಾನೂನಿನಿಂದಲೇ ಉಂಟು. 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಇರುವದು. ಆಶ್ರಮದವರಾದರೋ ಇದು ಹಳೆಯ ನೋವೆನ್ನುತ್ತಾರೆ. ಅವಳ ಸಂಬಳದ ಚೀಟಿಗಳನ್ನೂ ವೈದ್ಯರ ಕಾಗದವನ್ನೂ ಹಿಡಿದುಕೊಂಡು ನಾವು ಬರುವ ಸೋಮವಾರ ಹಾಸನದ ಕಾರ್ಮಿಕ ಕಚೇರಿಗೆ ಅವಳ ಸಂಗಡ ಹೋಗುವೆವು.