ತಂಬಿಗೆಯ ನೀರು



ಮನೆಗೆ ಯಾರೇ ಬರಲಿ, ಮೊದಲು ತಂಬಿಗೆ ನೀರು ಕೊಡುತ್ತೇವೆ. ಮಾತು ಆಮೇಲೆ. ಬಸವಣ್ಣನವರ ಈ ಬಾಗೇವಾಡಿ ನೆಲದಲ್ಲಿ ದಾಸೋಹ ಶುರುವಾಗುವುದೇ ಆ ತಂಬಿಗೆಯಿಂದ. ಪಾದೋದಕವನ್ನು ಕಣ್ಣಿಗೊತ್ತಿಕೊಂಡು ಸೇವಿಸುವ ನಾವು, ಕೂಸಿನ ಬಾಯಿಗೆ ಹಾಕುವ ನೀರನ್ನು ಅಷ್ಟೇ ಭಕ್ತಿಯಿಂದ ನೋಡುತ್ತೇವೆಯೇ? ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಇಂಡಿ, ಸಿಂದಗಿ ಕಡೆಗೆ ಭೀಮೆ; ಮುದ್ದೇಬಿಹಾಳ, ಬಾಗೇವಾಡಿ ಕಡೆಗೆ ಕೃಷ್ಣೆ. ಆಲಮಟ್ಟಿಯಲ್ಲಿ ಸಮುದ್ರದಂತೆ ನೀರು ನಿಂತಿದೆ. ಆದರೂ ಹೊಳೆಗೆ ಹೊಸ ನೀರು ಬಂದಾಗ ವಾಂತಿಭೇದಿಯ ಅಂಜಿಕೆ ತಪ್ಪಿಲ್ಲ. ನೀರು ತಿಳಿಯಾಗಿ ಕಂಡರೂ ರೋಗದ ಕ್ರಿಮಿ ಅದರಲ್ಲಿ ಇರಬಹುದು.

ನಾವು ದಿನಾ ಬೈಯುವ ಬಿಸಿಲೇ ಇದಕ್ಕೆ ಮದ್ದು. ಭೇದಿಯಾದ ಮಕ್ಕಳಿಗೆ ಕುಡಿಸುವ ದ್ರಾವಣವನ್ನು ಬಿಸಿಲಿನಿಂದ ಶುದ್ಧ ಮಾಡಬಹುದೆಂದು 1980ರಲ್ಲಿ ಬೈರೂತಿನ ವಿಜ್ಞಾನಿ ಅಫ್ತಿಂ ಅಕ್ರಾ ತೋರಿಸಿಕೊಟ್ಟರು. ಕುಡಿಯುವ ನೀರಿಗೂ ಅದೇ ದಾರಿ. ಬಣ್ಣವಿಲ್ಲದ, 2 ಲೀಟರ್ ಮೀರದ ನೀರಿನ ಬಾಟಲಿ ತೊಳೆಯಿರಿ, ಚೀಟಿ ಕಿತ್ತುಹಾಕಿ. ನೀರು ತುಂಬಿ, ಮುಚ್ಚಳ ಬಿಗಿದು, ಪತ್ರಾಸಿನ ಮೇಲೆ ಅಡ್ಡ ಮಲಗಿಸಿ. 6 ತಾಸು ಒಳ್ಳೆಯ ಬಿಸಿಲು ಸಾಕು; ಮೋಡವಿದ್ದರೆ 2 ದಿನ. ಬಿಸಿಲಿನ ನೇರಳಾತೀತ ಕಿರಣ ಕ್ರಿಮಿಗಳನ್ನು ಕೊಲ್ಲುತ್ತದೆ. ರಾಡಿ ನೀರಿನೊಳಕ್ಕೆ ಆ ಕಿರಣ ಇಳಿಯದು, ಮೊದಲು ಸೋಸಬೇಕು. ಅವ್ವನ ಹಳೆಯ ಸೀರೆಯನ್ನು ಕಡಿಮೆ ಅನ್ನಬೇಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದ್ದಕ್ಕೆ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಅವರ ಜೊತೆಯವರು ಬರೆದಿದ್ದಾರೆ. ಬಿಸಿಲಿಗಿಟ್ಟ ನೀರನ್ನು ಮತ್ತೆ ಕೊಡಕ್ಕೆ ಸುರಿಯಬೇಡಿ, ಕೈ ಅದ್ದಬೇಡಿ. ಆ ಬಾಟಲಿಯಿಂದಲೇ ಲೋಟಕ್ಕೆ ಬಗ್ಗಿಸಿ.

ಮಳೆ ಹಿಡಿದು ಬಿಸಿಲೇ ಬೀಳದ ದಿನ ಕುದಿಸಿ. ಆಶಾ ಕಾರ್ಯಕರ್ತೆ ಕ್ಲೋರಿನ್ ಗುಳಿಗೆ ಕೊಟ್ಟರೆ ಹಾಕಿ ಅರ್ಧ ತಾಸು ಬಿಡಿ. ವಾಸನೆ ಬಂತೆಂದು ಚೆಲ್ಲಬೇಡಿ, ತಾಯಿ. ಆ ವಾಸನೆಯೇ ಕಾವಲು.

ಒಂದು ಮಾತು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ನಮ್ಮ ಜಿಲ್ಲೆಯ ಕೆಲವು ಬೋರುಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಅದು ಹಲ್ಲಿಗೆ ಕಲೆ ತರುತ್ತದೆ, ಎಲುಬು ಬಾಗಿಸುತ್ತದೆ. ಬಿಸಿಲಿಗೂ ಹೋಗದು, ಸೀರೆಗೂ ಸಿಗದು. ಕುದಿಸಿದರೆ ಇನ್ನೂ ಗಟ್ಟಿಯಾಗುತ್ತದೆ. ಬೋರಿನ ನೀರನ್ನು ಪರೀಕ್ಷೆ ಮಾಡಿಸಲೇಬೇಕು. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಗೆ ಎಲ್ಲರೂ ಕೂಡಿ ಹೋಗಿ. ನಾನೂ ಬರುತ್ತೇನೆ.

ನಾಳೆ ಬೆಳಿಗ್ಗೆ ಒಬ್ಬೊಬ್ಬರು ಒಂದೊಂದು ಬಾಟಲಿ ತೊಳೆದು ತನ್ನಿ. ಮಠದ ಪತ್ರಾಸಿನ ಮೇಲೆ ಸಾಲಾಗಿ ಇಡೋಣ. ಬಿಸಿಲು ಬಿದ್ದರೆ ಸಂಜೆಯ ಪ್ರವಚನಕ್ಕೆ, ಮೋಡ ಕವಿದರೆ ನಾಡಿದ್ದು ಸಂಜೆಗೆ, ಮೊದಲ ಲೋಟ ಚಿಕ್ಕ ಮಕ್ಕಳಿಗೆ ಕೊಡೋಣ.