ಕೊಟ್ಟವರ ಹೆಸರು

ಗಾಣಗಾಪುರದಲ್ಲಿ ಮಧ್ಯಾಹ್ನ ಮಾಧುಕರಿಗೆ ನಿಂತವರು ಭಿಕ್ಷೆ ಹಾಕಿದವರ ಹೆಸರು ಕೇಳುವುದಿಲ್ಲ. ಹಾಕುವವರೂ ಜೋಳಿಗೆ ಹಿಡಿದವರನ್ನು ಯಾರೆಂದು ವಿಚಾರಿಸುವುದಿಲ್ಲ. ಬಂದವನು ದತ್ತನೇ ಇದ್ದರೂ ಇದ್ದಾನು ಎಂಬುದು ಊರ ನಂಬಿಕೆ. ಭಿಕ್ಷೆಗೆ ಈ ಧರ್ಮ ಚೆಂದ. ಹಸ್ತಪ್ರತಿ ಭಂಡಾರಕ್ಕೆ?

ಇದನ್ನು ಕೇಳಿಸುವ ಒಂದು ಪ್ರಕರಣ ಮೈಸೂರಿನದು. ಅಲ್ಲಿನ ಓರಿಯಂಟಲ್ ಲೈಬ್ರರಿ ಶುರುವಾದದ್ದು 1891ರಲ್ಲಿ; ಮುಂದೆ 1916ರಲ್ಲಿ ಅದು ವಿಶ್ವವಿದ್ಯಾಲಯದ ಕೈಗೆ ಬಂತು. ಈ ನಡುವೆ, 1905ರ ಸುಮಾರಿಗೆ, ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ತಾಳೆಗರಿ ಕಟ್ಟೊಂದನ್ನು ಅಲ್ಲಿ ಒಪ್ಪಿಸಿದರು. ಅದರ ಮೇಲೆ ಭಟ್ಟಸ್ವಾಮಿ ಬರೆದ ವ್ಯಾಖ್ಯಾನದ ಒಂದು ತುಣುಕೂ ಜೊತೆಗಿತ್ತು. ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು ಓದಿ ನೋಡಿದರೆ, ಕೌಟಿಲ್ಯನ ಅರ್ಥಶಾಸ್ತ್ರ! ಕಳೆದೇಹೋಯಿತೆಂದು ವಿದ್ವಾಂಸರು ಕೈಬಿಟ್ಟಿದ್ದ ಗ್ರಂಥ. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಶಾಸ್ತ್ರಿಗಳು ಮಹಾಮಹೋಪಾಧ್ಯಾಯರಾದರು. ಗರಿ ತಂದವರು ಮಾತ್ರ ‘ತಂಜಾವೂರು ಜಿಲ್ಲೆಯ ಒಬ್ಬ ಪಂಡಿತ’ರಾಗಿಯೇ ಉಳಿದರು.

ಶಾಸ್ತ್ರಿಗಳನ್ನು ದೂರುವ ಹಾಗಿಲ್ಲ. ಪೀಠಿಕೆಯಲ್ಲಿ ಜಿಲ್ಲೆಯನ್ನಾದರೂ ಅವರು ಹೇಳಿದರು. ಎಷ್ಟೋ ಸಂಪಾದಕರು ಅಷ್ಟನ್ನೂ ಹೇಳುವುದಿಲ್ಲ. ಹೆಸರು ಬೇಡವೆಂದು ಪಂಡಿತರೇ ಅಂದಿದ್ದರೂ ಅಂದಿರಬಹುದು. ಆದರೆ ಆ ವಿನಯದ ಬೆಲೆ ತೆತ್ತವರು ನಾವು. ಗರಿ ಯಾವ ಮನೆಯ ಅಟ್ಟದಲ್ಲಿತ್ತು, ಯಾರು ಬರೆದಿಟ್ಟರು, ಅದೇ ಮನೆಯಲ್ಲಿ ಬೇರೆ ಕಟ್ಟುಗಳಿದ್ದವೇ? ಕೇಳಲು ಹೋಗಬೇಕೆಂದರೆ ವಿಳಾಸವೇ ಇಲ್ಲ. ಕೊಟ್ಟವರ ಹೆಸರು ಬರೆದಿಡುವುದು ಕೃತಜ್ಞತೆಗಷ್ಟೇ ಅಲ್ಲ. ಅದೂ ಹಸ್ತಪ್ರತಿಯದೇ ಒಂದು ಗರಿ.

ಹಾಗಾದರೆ ಈ ಕೆಲಸ ಯಾರದು? ಸಂಶೋಧಕರದಲ್ಲ, ಅವರು ಬರುವುದು ಆಮೇಲೆ. ಕಟ್ಟನ್ನು ಮೊದಲು ಕೈಗೆ ತೆಗೆದುಕೊಂಡು, ಧೂಳು ಒರೆಸಿ, ರಿಜಿಸ್ಟರಿನಲ್ಲಿ ನಂಬರು ಬರೆಯುವ ಸಹಾಯಕನದು. ಭೀಮಾ ತೀರದ ಒಬ್ಬ ಮುದುಕಿ ಕೆಂಪು ವಸ್ತ್ರದಲ್ಲಿ ಸುತ್ತಿದ ಗುರುಚರಿತ್ರೆಯ ಪೋಥಿ, ನಾಲ್ಕಾರು ಮೋಡಿ ಲಿಪಿಯ ಕಾಗದ ಹಿಡಿದು ಕಲಬುರಗಿಯ ವಿಶ್ವವಿದ್ಯಾಲಯಕ್ಕೆ ಬಂದಳೆನ್ನಿ. “ನನ್ ಹೆಸರ ಯಾಕ್ರೀ ಸಾಹೇಬ್ರ, ದತ್ತ ಮಹಾರಾಜಂದು ಅವಂಗೇ ಮುಟ್ಲಿ” ಅಂದಾಳು. ಊಟದ ಹೊತ್ತಾಗಿದ್ದರೆ, ‘ದಾನ’ ಎಂದು ಒಂದೇ ಪದ ಗೀಚಿ ಏಳುವುದು ಸಲೀಸು. ಯಾರೂ ಬಯ್ಯುವುದಿಲ್ಲ, ಸಂಬಳವೂ ಕಡಿಮೆಯಾಗುವುದಿಲ್ಲ. ಈ ಕೆಲಸದ ನೀತಿ ಪರೀಕ್ಷೆಯಾಗುವುದು ಅಂಥ ಹೊತ್ತಿನಲ್ಲೇ. ಅವಳನ್ನು ಕೂರಿಸಿ, ನೀರು ಕೊಟ್ಟು, ಪೋಥಿ ತವರಿನದೋ ಅತ್ತೆಮನೆಯದೋ, ಯಾರು ಓದುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಬೇಕು. ಹೆಸರು ಪ್ರಕಟಿಸಬೇಡಿ ಅಂದರೆ ಪ್ರಕಟಿಸದಿರೋಣ. ಬರೆದಿಡುವುದಕ್ಕೆ ಅದು ಅಡ್ಡಿಯಲ್ಲ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದದ್ದನ್ನು ಅಫಜಲಪುರದ ಕಡೆಯವರು ಮರೆತಿಲ್ಲ. ನಿಮ್ಮ ಮನೆಯ ಮಾಡದಲ್ಲೂ ಇಂಥ ಗಂಟಿದ್ದರೆ ನೀರುಪಾಲಾಗುವ ಮೊದಲೇ ಭಂಡಾರಕ್ಕೆ ಕೊಡಿ. ಕೊಡುವಾಗ ಹೆಸರು, ಊರು, ಮನೆತನ ಬರೆಸಿ, ರಸೀದಿ ಇಸಿದುಕೊಂಡೇ ಬನ್ನಿ.