ಯೋವಾಷನ ಭಕ್ತಿಯೂ ತಿಮೊಥೆಯನ ನಂಬಿಕೆಯೂ

ಓದತಕ್ಕ ಭಾಗಗಳು: ೨ ಪೂರ್ವಕಾಲವೃತ್ತಾಂತ ೨೪:೧-೨೨, ೨ ತಿಮೊಥೆಯ ೧:೩-೭



ಯೂದಾಯದ ಅರಸನಾದ ಯೋವಾಷನ ಚರಿತ್ರೆಯನ್ನು ನಮ್ಮ ಸಭೆಗಳಲ್ಲಿ ಓದುವದು ಅಪರೂಪ. ಓದಿದರೂ ಮೊದಲಿನ ಅರ್ಧವನ್ನು ಓದಿ ನಿಲ್ಲಿಸಿಬಿಡುತ್ತೇವೆ, ಯಾಕಂದರೆ ಆ ಅರ್ಧವು ಕಿವಿಗೆ ಬಹಳ ಇಂಪಾಗಿದೆ. ಅತಲ್ಯಳು ರಾಜಸಂತಾನವನ್ನೆಲ್ಲಾ ಕೊಲ್ಲಿಸುತ್ತಿದ್ದಾಗ ಈ ಕೂಸನ್ನು ಅವನ ಸೋದರತ್ತೆಯು ಕದ್ದೊಯ್ದು ಆರು ವರುಷಗಳ ವರೆಗೆ ದೇವಾಲಯದಲ್ಲಿ ಬಚ್ಚಿಟ್ಟು ಸಾಕಿದಳು. ಅವಳ ಗಂಡನೂ ಯಾಜಕನೂ ಆದ ಯೆಹೋಯಾದನು ಏಳು ವರುಷದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದನು. ಹುಡುಗನು ದೊಡ್ಡವನಾಗಿ, ಮುಚ್ಚಳಕ್ಕೆ ತೂತುಮಾಡಿದ ಪೆಟ್ಟಿಗೆಯನ್ನು ಆಲಯದ ಬಾಗಿಲಲ್ಲಿ ಇಡಿಸಿ, ಜನರ ಕಾಣಿಕೆಯಿಂದ ಹಾಳುಬಿದ್ದ ಆಲಯವನ್ನು ಜೀರ್ಣೋದ್ಧಾರ ಮಾಡಿಸಿದನು. ಇಂಥ ಮಗನು ನಮ್ಮ ಮನೆಯಲ್ಲಿ ಹುಟ್ಟಬಾರದೇ ಎಂದು ಯಾವ ತಾಯಿಗೆ ಅನ್ನಿಸದು?

ಉಳಿದ ಅರ್ಧವನ್ನೂ ಓದಿರಿ. ಯೆಹೋಯಾದನು ನೂರಮೂವತ್ತು ವರುಷದವನಾಗಿ ಸತ್ತನು. ಅವನನ್ನು ಸಮಾಧಿಮಾಡಿದ ಮೇಲೆ ಯೂದಾಯದ ಪ್ರಧಾನರು ಬಂದು ಅರಸನಿಗೆ ಅಡ್ಡಬಿದ್ದರು. ಅರಸನು ಅವರ ಮಾತಿಗೆ ಕಿವಿಗೊಟ್ಟನು. ಆಲಯವನ್ನು ಬಿಟ್ಟು ವಿಗ್ರಹಗಳ ಕಡೆಗೆ ತಿರುಗಿದರು. ಇದು ತಪ್ಪೆಂದು ಎಚ್ಚರಿಸಿದ ಜೆಕರ್ಯನನ್ನು, ಅಂದರೆ ತನ್ನನ್ನು ಸಾಕಿದ ಯೆಹೋಯಾದನ ಮಗನನ್ನೇ, ಅದೇ ಆಲಯದ ಅಂಗಳದಲ್ಲಿ ಕಲ್ಲೆಸೆದು ಕೊಲ್ಲಿಸಿದನು.

ಇದು ಹೇಗಾಯಿತು? ಯೋವಾಷನು ಮೊದಲಿನಿಂದಲೂ ಕಪಟಿಯಾಗಿದ್ದನೆಂದು ನನಗೆ ತೋರುವದಿಲ್ಲ. ಆಲಯದ ಮೇಲೆ ಅವನಿಗಿದ್ದ ಪ್ರೀತಿ ನಿಜವೇ. ಆದರೆ ಅವನ ಭಕ್ತಿಗೆ ಆಧಾರವಾಗಿದ್ದವನು ಯೆಹೋಯಾದನು. ಹಂದರ ಬಿದ್ದ ದಿನ ಬಳ್ಳಿಯೂ ಬಿತ್ತು.

ನಮ್ಮ ಸೀಮೆಯಲ್ಲಿ ಯೆಹೋಯಾದನು ಸಾಯಬೇಕಾಗಿಲ್ಲ. ಹುಡುಗನು ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿದರೆ ಸಾಕು. ೧೮೭೪ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ಅಂದಿನಿಂದ ಒಂದು ದಾರಿ ಮುಂಬಯಿಗೂ ಒಂದು ಮದ್ರಾಸಿನ ಕಡೆಗೂ ಒಂದು ಹೈದರಾಬಾದಿಗೂ ನಮ್ಮ ಮಕ್ಕಳನ್ನು ಕರೆಯುತ್ತಲೇ ಇದೆ. ಶಹಾಬಾದದ ಕಲ್ಲುಗಣಿಗಳಲ್ಲಿಯೂ ವಾಡಿ ಸೇಡಂಗಳ ಸಿಮೆಂಟು ಕಾರ್ಖಾನೆಗಳಲ್ಲಿಯೂ ಕೆಲಸ ಸಿಕ್ಕಿದವರು ಊರಲ್ಲಿರುತ್ತಾರೆ; ಸಿಕ್ಕದವರು ಚಿತ್ತಾಪುರದಿಂದಲೂ ಚಿಂಚೋಳಿಯಿಂದಲೂ ಗಂಟು ಕಟ್ಟಿಕೊಂಡು ಪುಣೆಗೋ ಬೆಂಗಳೂರಿಗೋ ಹೋಗುತ್ತಾರೆ. ಪಟ್ಟಣವೇ ಹುಡುಗರನ್ನು ಕೆಡಿಸಿತೆಂದು ಹೇಳಿ ಕೈತೊಳೆದುಕೊಳ್ಳುವದು ನಮಗೆ ಸುಲಭ. ಆದರೆ ಬಾಬೆಲಿಗಿಂತ ದೊಡ್ಡ ಪಟ್ಟಣ ಯಾವದು? ದಾನಿಯೇಲನು ಅಲ್ಲಿಗೆ ಸೆರೆಯಾಗಿ ಹೋಗಿಯೂ ಕೆಡಲಿಲ್ಲ.

ನನ್ನ ತಪ್ಪನ್ನೇ ಹೇಳುತ್ತೇನೆ. ಸೇಡಂ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಸಭಾಪಾಲಕನಾಗಿದ್ದಾಗ ಒಬ್ಬ ಹುಡುಗನಿದ್ದನು. ದಶಾಜ್ಞೆಗಳನ್ನೂ ವಿಶ್ವಾಸಪ್ರಮಾಣವನ್ನೂ ಉಸಿರು ಬಿಡದೆ ಒಪ್ಪಿಸುತ್ತಿದ್ದನು. ಸಂಡೇಸ್ಕೂಲಿನ ಬಹುಮಾನ ವರುಷ ವರುಷವೂ ಅವನದೇ. ಅವನನ್ನು ಸಭೆಯ ಪೂರ್ಣ ಸದಸ್ಯನನ್ನಾಗಿ ಸೇರಿಸಿಕೊಳ್ಳುವಾಗ ಪುಸ್ತಕದಲ್ಲಿದ್ದ ಪ್ರಶ್ನೆಗಳನ್ನೆಲ್ಲಾ ಕೇಳಿದೆನು. ಪುಸ್ತಕದಲ್ಲಿದ್ದ ಉತ್ತರಗಳನ್ನೆಲ್ಲಾ ಅವನು ಕೊಟ್ಟನು. ಒಮ್ಮೆ ಮಾತ್ರ, ನನ್ನ ತಮ್ಮ ಸಾಯಲಿಕ್ಕೆ ದೇವರು ಯಾಕೆ ಬಿಟ್ಟನು ಎಂದು ಅವನು ನನ್ನನ್ನು ಕೇಳಿದ್ದುಂಟು. ಹಾಗೆಲ್ಲಾ ಕೇಳಬಾರದು ಎಂದು ಹೇಳಿ ಕಳುಹಿಸಿದೆನು. ಅವನು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದನು. ಮೂರು ವರುಷವಾದ ಮೇಲೆ ಬಂದವನು ದೇವಾಲಯದ ಕಡೆಗೆ ತಲೆಹಾಕಲಿಲ್ಲ. ತಾಯಿ ಅಳುತ್ತಾ ನನ್ನನ್ನು ಕರೆದುಕೊಂಡು ಹೋದಳು. ಅವನು ಸಿಟ್ಟುಗೊಳ್ಳಲಿಲ್ಲ, ಚಾಪೆ ಹಾಸಿ ಕೂರಿಸಿದನು. “ಅಯ್ಯನವರೇ, ನಾನು ಬಿಟ್ಟದ್ದು ನಿಮ್ಮ ದೇವರನ್ನೂ ನಮ್ಮವ್ವನ ದೇವರನ್ನೂ. ನನ್ನದು ಅಂತ ಏನೂ ಇರಲಿಲ್ಲ, ಬಿಡುವದು ಎಲ್ಲಿಂದ?” ಎಂದನು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮೆಥೊಡಿಸ್ಟರೆಂಬ ಹೆಸರಿನ ಮೂಲಪುರುಷನಾದ ಯೋಹಾನ ವೆಸ್ಲಿಯ ಸಂಗತಿಯೂ ಇಂಥದೇ. ೧೭೦೩ರಲ್ಲಿ ಎಪ್ವರ್ತ್ ಎಂಬ ಊರಿನಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದನು. ತಾಯಿಯಾದ ಸುಸನ್ನಳು ಅಷ್ಟೊಂದು ಮಕ್ಕಳ ನಡುವೆಯೂ ವಾರದಲ್ಲಿ ಒಂದೊಂದು ಸಾಯಂಕಾಲವನ್ನು ಒಂದೊಂದು ಮಗುವಿಗೆ ಮೀಸಲಿಟ್ಟು ಆತ್ಮದ ವಿಷಯ ಮಾತಾಡುತ್ತಿದ್ದಳು, ಗುರುವಾರ ಯೋಹಾನನದು. ಅವನು ಓದಿ ಪಾದ್ರಿಯಾಗಿ, ಅಮೇರಿಕಕ್ಕೆ ಸುವಾರ್ತೆ ಸಾರಲಿಕ್ಕೆ ಹಡಗು ಹತ್ತಿದನು. ಸಮುದ್ರದಲ್ಲಿ ಬಿರುಗಾಳಿ ಎದ್ದಾಗ ಜರ್ಮನಿಯ ಸಾಧಾರಣ ವಿಶ್ವಾಸಿಗಳು ಹೆಂಗಸರು ಮಕ್ಕಳು ಸಹಿತವಾಗಿ ಹಾಡುತ್ತಿದ್ದರು, ಪಾದ್ರಿಯು ಸಾವಿಗೆ ಹೆದರಿ ನಡುಗುತ್ತಿದ್ದನು. ೧೭೩೮ನೆಯ ಮೇ ೨೪ರಂದು, ಲಂಡನಿನ ಒಂದು ಚಿಕ್ಕ ಕೂಟದಲ್ಲಿ, ಕ್ರಿಸ್ತನು ತನ್ನ ಪಾಪವನ್ನೇ ಹೊತ್ತನೆಂಬ ಭರವಸವು ಅವನ ಹೃದಯಕ್ಕೆ ಉಂಟಾಯಿತು. ಆಗ ಅವನಿಗೆ ೩೪ ವರುಷ. ತಾಯಿ ಬಿತ್ತಿದ್ದು ವ್ಯರ್ಥವಾಗಲಿಲ್ಲ. ಆದರೆ ತಾಯಿಯ ನಂಬಿಕೆಯಿಂದ ಮಗನ ಭಯ ಹೋಗಲಿಲ್ಲ. ೧೮೮೯ರಲ್ಲಿ ಅಮೇರಿಕದ ಮೆಥೊಡಿಸ್ಟರು ಯೌವನಸ್ಥರ ಸಂಘ ಕಟ್ಟಿದಾಗ ಎಪ್ವರ್ತ್ ಲೀಗ್ ಎಂದು ಹೆಸರಿಟ್ಟರು. ಆ ಮನೆಯ ನೆನಪು ಒಳ್ಳೇದೇ. ಲಂಡನಿನ ಆ ಸಾಯಂಕಾಲವನ್ನೂ ನಾವು ಅಷ್ಟೇ ನೆನೆಯತಕ್ಕದ್ದು.

ನಮ್ಮ ಹೊಲದಲ್ಲಿಯೇ ಇದನ್ನು ನೋಡಬಹುದು. ಮುಂಗಾರಿನಲ್ಲಿ ತೊಗರಿಯ ಸಾಲುಗಳ ನಡುವೆ ಹೆಸರನ್ನೋ ಉದ್ದನ್ನೋ ಬಿತ್ತುತ್ತೇವೆ. ಹೆಸರು ಎರಡು ಎರಡೂವರೆ ತಿಂಗಳಲ್ಲಿ ಹೂಬಿಟ್ಟು ಕಾಯಿ ಕೊಟ್ಟು ಮುಗಿಯುತ್ತದೆ. ಅಷ್ಟು ಹೊತ್ತಿಗೆ ತೊಗರಿಯಲ್ಲಿ ಒಂದು ಹೂವೂ ಇಲ್ಲ. ತಿಳಿಯದವನು ಇದರಿಂದೇನು ಪ್ರಯೋಜನ ಎಂದಾನು. ಆ ದಿನಗಳಲ್ಲಿ ಅದು ಎರೆಯೊಳಗೆ ಬೇರನ್ನು ಕೆಳಕ್ಕೆ ಇಳಿಸುತ್ತಿರುತ್ತದೆ. ಮಳೆ ನಿಂತು ನೆಲ ಬಿರಿದ ಮೇಲೆ ದಶಂಬರದ ವರೆಗೂ ನಿಂತು ಕಾಯಿ ತುಂಬುವದು ಆ ಬೇರಿನ ಬಲದಿಂದಲೇ. ಹೆಸರಿನ ಹಣವಿಲ್ಲದೆ ನಡುವರುಷದ ಕೈಸಾಲ ತೀರದೆಂಬದು ನನಗೂ ಗೊತ್ತು; ಮಕ್ಕಳು ಕ್ರಿಸ್‌ಮಸ್ಸಿನಲ್ಲಿ ವಾಕ್ಯ ಒಪ್ಪಿಸುವದು ಬೇಡವೆಂದು ನಾನು ಹೇಳುವದಿಲ್ಲ. ಆದರೆ ಆ ಕಾಯಿಗಳನ್ನೇ ಎಣಿಸಿ ಸುಗ್ಗಿಯಾಯಿತೆಂದು ಹೊಲ ಬಿಟ್ಟು ಬರುತ್ತೇವಲ್ಲಾ, ಅದೇ ನಮ್ಮ ನಷ್ಟ.

ತಿಮೊಥೆಯನ ಮನೆಯನ್ನು ನೋಡಿರಿ. ತಂದೆ ಗ್ರೀಕನು. ನಮ್ಮಲ್ಲಿ ಗಂಡನು ನಂಬದೆ ಹೆಂಡತಿ ಒಬ್ಬಳೇ ಮಕ್ಕಳನ್ನು ಆರಾಧನೆಗೆ ಕರೆತರುವ ಮನೆಗಳುಂಟು. ಅಂಥ ತಾಯಂದಿರು ಧೈರ್ಯಗೊಳ್ಳಲಿ. ಅಜ್ಜಿಯಾದ ಲೋವಿಯಲ್ಲಿಯೂ ತಾಯಿಯಾದ ಯೂನಿಕೆಯಲ್ಲಿಯೂ ಇದ್ದ ನಂಬಿಕೆಯು ಇವನಲ್ಲಿಯೂ ಉಂಟೆಂದು ಪೌಲನು ಬರೆಯುತ್ತಾನೆ. ಅವರಿಬ್ಬರ ನಂಬಿಕೆಯಿಂದಲೇ ಇವನು ಬದುಕಿಕೊಂಡನೆಂದು ಬರೆಯುವದಿಲ್ಲ. ತನ್ನಲ್ಲಿರುವ ಕಿಡಿಯನ್ನು ಇವನೇ ಊದಿ ಉರಿಸಬೇಕು. ಆಮೇಲೆ ಪೌಲನು ಮಾಡಿದ್ದೇನು? ಯೌವನಸ್ಥನ ಕೈಗೆ ಕೆಲಸ ಕೊಟ್ಟನು, ಎಫೆಸದ ಸಭೆಯನ್ನೇ ಒಪ್ಪಿಸಿದನು; ದೂರದಲ್ಲಿರುವಾಗ ಕಾಗದ ಬರೆದನು.

ನಮ್ಮ ಯೂತ್ ಫೆಲೋಶಿಪ್ಪಿನ ಹುಡುಗರಿಗೆ ನಾವು ಕೊಟ್ಟಿರುವ ಕೆಲಸವು ಜಮಖಾನೆ ಹಾಸುವದು, ಕ್ರಿಸ್‌ಮಸ್ಸಿಗೆ ನಕ್ಷತ್ರ ಕಟ್ಟುವದು. ರೋಗಿಯ ಮನೆಯಲ್ಲಿ ಪ್ರಾರ್ಥನೆ ಮಾಡು ಎಂದು ಎಷ್ಟು ಮಂದಿ ಹಿರಿಯರು ಅವರನ್ನು ಕಳುಹಿಸಿದ್ದಾರೆ? ಲೆಕ್ಕದ ಪುಸ್ತಕವನ್ನು ಅವರ ಕೈಗೆ ಕೊಟ್ಟ ಸಭೆ ಯಾವದು? ಪರಸ್ಥಳದಲ್ಲಿರುವ ಮಗನಿಗೆ ವಾರವಾರವೂ ಫೋನು ಮಾಡಿ ಸಂಬಳವಾಯಿತೇ ಎಂದು ಕೇಳುವ ತಂದೆಯು, ಅಲ್ಲಿ ಆರಾಧನೆಗೆ ಎಲ್ಲಿ ಹೋಗುತ್ತೀ, ನಿನ್ನ ಮನಸ್ಸಿನ ಸಂಶಯವೇನು ಎಂದು ಕೇಳಿದ್ದುಂಟೇ? ಮಗನು ಹೊರಡುವ ಮುಂಚೆ ಆ ಊರಿನ ಸಭಾಪಾಲಕರಿಗೆ ಒಂದು ಚೀಟಿ ಬರೆಯುವದು ನಮ್ಮಂಥವರ ಕೆಲಸ. ನಾನು ಅದನ್ನೂ ಮಾಡಿರಲಿಲ್ಲ.

ಆ ಹುಡುಗನ ಮನೆಗೆ ನಾನು ತಿರುಗಿ ಹೋದೆನು. ಉಪದೇಶಕ್ಕಲ್ಲ, ಅವನ ತಮ್ಮನ ವಿಷಯವಾಗಿ ಅವನು ಅಂದು ಕೇಳಿದ ಪ್ರಶ್ನೆಗೆ ನನ್ನಲ್ಲಿ ಅಂದೂ ಉತ್ತರವಿರಲಿಲ್ಲ, ಇಂದೂ ಪೂರ್ತಿ ಇಲ್ಲ ಎಂದು ಒಪ್ಪಿಕೊಳ್ಳಲಿಕ್ಕೆ. ಅವನು ಬಹಳ ಹೊತ್ತು ಸುಮ್ಮನಿದ್ದನು. ನಾವಿಬ್ಬರೂ ಲಾಜರನ ಸಮಾಧಿಯ ಬಳಿಯಲ್ಲಿ ಕರ್ತನು ಅತ್ತ ಸಂಗತಿಯನ್ನು ಓದಿದೆವು. ಏಳುವಾಗ ಅವನು ಒಂದು ಸತ್ಯವೇದ ಬೇಕೆಂದನು. ನನ್ನ ಕೈಯಲ್ಲಿದ್ದದ್ದನ್ನೇ ಕೊಡಲು ಹೋದೆನು. ಅದರ ಪುಟಗಳಲ್ಲೆಲ್ಲಾ ನನ್ನ ಸೀಸದ ಕಡ್ಡಿಯ ಗೀಟುಗಳಿದ್ದವು. ಅವನು ತಿರುವಿ ನೋಡಿ, “ಗೀಟಿಲ್ಲದ್ದು ಇದ್ದರೆ ಕೊಡಿರಿ ಅಯ್ಯನವರೇ, ನಾನೇ ಹಾಕಿಕೊಳ್ಳುತ್ತೇನೆ” ಎಂದನು. ಹೊಸದನ್ನು ತರಿಸಿಕೊಟ್ಟೆನು.